ಒಗ್ಗರಣೆ ಹಾಕದ ಹನ್ನೊಂದು ದಿನ

ನನಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಅದೊಂದು ದೊಡ್ಡ ಕೊರತೆಯಾಗಿ ಉಳಿದುಹೋಗಿತ್ತು. ಜ್ವರ ಬಂದು ಮೈಮೇಲೆ ನೀರುಗುಳ್ಳೆ ಎದ್ದರೆ ನಮ್ಮ ಕಡೆ ಅದನ್ನು ಕಾಯಿಲೆ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಂದವಳು ಮಾರಮ್ಮ. ಅವಳಿರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಔಷಧಿ ಕೊಡುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ತಣ್ಣಗಿನ ಊಟ ಕೊಟ್ಟು, ಮರ್ಯಾದೆಯಿಂದ ನೋಡಿಕೊಂಡು ಕಳುಹಿಸಿಕೊಡಬೇಕು. ಅಕ್ಕನಿಗೆ ಏಳನೇ ವಯಸ್ಸಿಗೇ ಬಂದಿದ್ದಳು. ಬೀದಿಯ ಮಕ್ಕಳಿಗೆಲ್ಲ ಬಂದಿದ್ದಳು. ನಾನು ಆಗ ಅಜ್ಜಿಯ ಊರಿನಲ್ಲಿದ್ದೆ, ತಪ್ಪಿಸಿಕೊಂಡೆ.

ತಪ್ಪಿಸಿಕೊಂಡೆ ಅನ್ನುವುದು ನನ್ನ ಮಾತು. ನಮ್ಮವ್ವ ಹಾಗನ್ನುವವಳಲ್ಲ. "ಎಲ್ರುನ್ನೂ ನೋಡ್ಕಂಡು ಹೋದ್ಲು, ಇವಳೊಬ್ಬಳ್ನ ಬಿಟ್ಬುಟ್ಲು" ಎನ್ನುತ್ತಿದ್ದಳು. ನನ್ನ ಮದುವೆ ನಾಲ್ಕೇ ವರ್ಷಕ್ಕೆ ಮುರಿದು, ನಾನು ಸೂಟ್‌ಕೇಸು ಹಿಡಿದುಕೊಂಡು ದೊಡ್ಡಬಳ್ಳಾಪುರದ ಕಡೆಯ ಮಧುರೆ ಹತ್ತಿರದ ನಮ್ಮ ಹಳ್ಳಿಗೆ ವಾಪಸು ಬಂದಾಗ ಅವಳು ನನ್ನ ಗಂಡನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬಚ್ಚಲಲ್ಲಿ ನನ್ನ ತಲೆಗೆ ಸೀಗೆಪುಡಿ ಹಾಕಿ ತಿಕ್ಕುತ್ತಾ, "ಅವಳು ಮುಟ್ದೇ ಹೋದ ಮೈ ಕಣವ್ವ ಇದು, ಅದ್ಕೇ ಹಿಂಗಾಯ್ತು" ಎಂದಳು. ನನಗೆ ರೇಗಿಹೋಯಿತು. ಕುಡಿದು ಬಂದು ಕೈ ಎತ್ತುತ್ತಿದ್ದವನಿಗೂ ಮಾರಮ್ಮನಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಆದರೆ ಸೀಗೆಪುಡಿ ಹಾಕಿಸಿಕೊಳ್ಳುವಾಗ ಜಗಳ ಆಡಲು ಆಗುವುದಿಲ್ಲ, ಕಣ್ಣು ಉರಿಯುತ್ತದೆ.

ಅದಾಗಿ ಹತ್ತು ವರ್ಷವಾಯಿತು. ಅಪ್ಪ ತೀರಿಕೊಂಡರು. ಅಕ್ಕ ನಂದಗುಡಿಯಲ್ಲಿ ಗಂಡ, ಮಕ್ಕಳು, ಹಸು ಎಂದು ಮುಳುಗಿಹೋಗಿದ್ದಾಳೆ. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತೇನೆ. ಹೊಲಿದು ಬಂದ ಬಟ್ಟೆಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಒಂದು ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಭಾನುವಾರ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಮಲಗುವಾಗ ಚಾಪೆಯನ್ನು ನನ್ನ ಚಾಪೆಗೆ ತಾಗಿಸಿಯೇ ಹಾಸುತ್ತಾಳೆ, ನಿದ್ದೆಗಣ್ಣಿನಲ್ಲಿ ಕೈ ತಂದು ನನ್ನ ಮೇಲೆ ಹಾಕುತ್ತಾಳೆ. ನನಗೆ ಮೂವತ್ತೇಳು ವರ್ಷ. ಪ್ರಪಂಚದಲ್ಲಿ ನನ್ನನ್ನು ಪ್ರೀತಿಯಿಂದ ಮುಟ್ಟುವವರು ಎಂದರೆ ಅವಳೊಬ್ಬಳೇ.

ಒಬ್ಬಳೇ ಎಂದೆ, ಅದು ಪೂರ್ತಿ ನಿಜವಲ್ಲ. ಒಂದಷ್ಟು ತಿಂಗಳು ಒಬ್ಬನಿದ್ದ. ಪಕ್ಕದ ಕಂಪನಿಯ ಡಿಸ್ಪ್ಯಾಚ್ ವಿಭಾಗದವನು. ಮಾತು ಚೆನ್ನಾಗಿ ಆಡುತ್ತಿದ್ದ, ನನಗೂ ಯಾರಾದರೂ ಮಾತಾಡಿಸಿದರೆ ಸಾಕಾಗಿತ್ತು. ಆಮೇಲೆ ತಿರುಪ್ಪೂರಿಗೆ ವರ್ಗ ಮಾಡಿಸಿಕೊಂಡು ಹೋದ. ಹೋಗುವಾಗ ಹೇಳಿಯೇ ಹೋದ ಅನ್ನುವುದೊಂದು ಸಮಾಧಾನ.

ಶಿವರಾತ್ರಿ ಕಳೆದು ಒಂದು ವಾರಕ್ಕೆ ನನಗೆ ಮೈಕೈ ನೋವು, ಜ್ವರ ಶುರುವಾಯಿತು. ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟಿದಂತಾಗಿ ನಡೆಯಲು ಕಷ್ಟವಾಯಿತು. ಎರಡನೇ ದಿನ ಒಳಗೆಲ್ಲ ಗುಳ್ಳೆ. ಬೆವರಿಗೆ ಆಗಿರಬೇಕು ಎಂದು ಮೆಡಿಕಲ್ ಶಾಪಿನಲ್ಲಿ ತುರಿಕೆಯ ಮುಲಾಮು ಕೇಳಿ ತಂದು ಹಚ್ಚಿದೆ. ಖಾರದ ಪುಡಿ ಹಾಕಿದಂತಾಯಿತು. ಮೂರನೇ ದಿನ ಗುಳ್ಳೆಗಳು ಒಡೆದು, ತೊಡೆಯ ಮೇಲಕ್ಕೂ ಹತ್ತಿದವು. ಮೂತ್ರಕ್ಕೆ ಹೋದರೆ ಜೀವ ಹೋಗುತ್ತಿತ್ತು. ಹೋಗುವುದೇ ಬೇಡವೆಂದು ನೀರು ಕುಡಿಯುವುದನ್ನು ಬಿಟ್ಟೆ. ಚೆಕಿಂಗ್ ಟೇಬಲ್ಲಿನ ಮುಂದೆ ಕಾಲು ಅಗಲಿಸಿ ನಿಂತುಕೊಂಡಿದ್ದ ನನ್ನನ್ನು ನೋಡಿ ಲೈನಿನ ಹೆಂಗಸರು ಏನೇನೋ ತಮಾಷೆ ಮಾಡಿದರು. ನಾನೂ ನಕ್ಕೆ. ಮಧ್ಯಾಹ್ನ ಅರ್ಧ ದಿನ ರಜೆ ಬರೆದು ದೊಡ್ಡಬಳ್ಳಾಪುರಕ್ಕೆ, ಚರ್ಮದ ಡಾಕ್ಟರ ಹತ್ತಿರ ಹೋದೆ. ಹೆಂಗಸು ಡಾಕ್ಟರು ಎಂದು ಬೋರ್ಡಿನಲ್ಲಿ ಹೆಸರು ನೋಡಿ ಗೊತ್ತು ಮಾಡಿಕೊಂಡೇ ಒಳಗೆ ಹೋಗಿದ್ದು.

ಡಾಕ್ಟರು ನೋಡಿದರು, ಕೈಗವಸು ತೆಗೆದು ಕೈ ತೊಳೆದುಕೊಂಡು ಬಂದು ನನ್ನ ಎದುರು ಕೂತರು. "ಇದು ಹರ್ಪಿಸ್ ಇರ್ಬೇಕು. ನೋಡಿದ್ರೇ ಗೊತ್ತಾಗತ್ತೆ, ಆದ್ರೂ ಗುಳ್ಳೆಯ ನೀರು ತೆಗೆದು ಲ್ಯಾಬಿಗೆ ಕಳಿಸ್ತೀನಿ. ರಕ್ತಾನೂ ಕೊಡಿ, ಜೊತೆಗೆ ಬೇರೆ ಯಾವುದೂ ಇಲ್ಲ ಅಂತ ಖಾತ್ರಿ ಆಗ್ಲಿ" ಎಂದರು.

"ಯಾಕೆ ಬಂತು ಮೇಡಂ?"

"ಇದು ಸಂಬಂಧದಿಂದ ಬರೋದು. ಚರ್ಮಕ್ಕೆ ಚರ್ಮ ತಾಗಿ."

"ಯಾರಿಂದ ಬಂತು ಅಂತ ಗೊತ್ತಾಗತ್ತಾ?"

"ಅದನ್ನ ಯಾರೂ ಹೇಳಕ್ಕಾಗಲ್ಲ. ಮೊನ್ನೆ ಮೊನ್ನೆ ಬಂದಿರಬಹುದು. ಹತ್ತು ವರ್ಷದ ಹಿಂದೆ ಬಂದು ಸುಮ್ಮನಿದ್ದು ಈಗ ಎದ್ದಿರಬಹುದು. ಕೊಟ್ಟವರಿಗೇ ತಮಗಿದೆ ಅಂತ ಗೊತ್ತಿಲ್ದೇನೂ ಇರಬಹುದು."

ಇಡೀ ದಿನ ತಪ್ಪು ಹುಡುಕಿ ಹುಡುಕಿ ಬಾಣ ಅಂಟಿಸುವವಳು ನಾನು. ಈ ಒಂದಕ್ಕೆ ಬಾಣ ಎಲ್ಲಿ ಅಂಟಿಸಬೇಕೆಂದು ಡಾಕ್ಟರಿಗೂ ಗೊತ್ತಿಲ್ಲವಂತೆ. ಬೈಯಲು ಒಂದು ಮುಖವಾದರೂ ಬೇಕಿತ್ತು ನನಗೆ. ಗಂಡನ ಮುಖ ತಂದುಕೊಂಡೆ, ಇನ್ನೊಬ್ಬನದು ತಂದುಕೊಂಡೆ, ಎರಡೂ ಸರಿಯಾಗಿ ನಿಲ್ಲಲಿಲ್ಲ.

"ಪೂರ್ತಿ ವಾಸಿ ಆಗತ್ತಾ ಮೇಡಂ?"

"ಗುಳ್ಳೆ ವಾಸಿ ಆಗತ್ತೆ, ವೈರಸ್ ಹೋಗಲ್ಲ. ಅದು ಬೆನ್ನುಹುರಿ ಹತ್ರ ನರದ ಬುಡದಲ್ಲಿ ಮಲಗಿರತ್ತೆ, ಆಗಾಗ ಎದ್ದು ಬರತ್ತೆ. ಆದ್ರೆ ಮೊದಲನೇ ಸಲದಷ್ಟು ಜೋರಾಗಿ ಬರಲ್ಲ, ವರ್ಷ ಹೋದ ಹಾಗೆ ಬರೋದೂ ಕಮ್ಮಿ ಆಗತ್ತೆ. ಜುಮ್ಮೆನ್ನೋದು, ಉರಿಯೋದು ಶುರುವಾದ ದಿನವೇ ಮಾತ್ರೆ ತಗೊಂಡ್ರೆ ಬೇಗ ಇಳಿಯತ್ತೆ. ಬಹಳ ಜನಕ್ಕೆ ಇರತ್ತಮ್ಮಾ ಇದು. ಯಾರೂ ಹೇಳ್ಕೊಳಲ್ಲ, ಅಷ್ಟೇ."

ಆಮೇಲೆ ಮಾಡಬೇಕಾದ್ದನ್ನೆಲ್ಲ ಹೇಳಿದರು. ದಿನಕ್ಕೆ ಮೂರು ಹೊತ್ತು ಮಾತ್ರೆ, ತಪ್ಪಿಸಬಾರದು. ನೀರು ಚೆನ್ನಾಗಿ ಕುಡಿಯಬೇಕು. ಮೂತ್ರಕ್ಕೆ ಕೂತಾಗ ಮಗ್ಗಿನಲ್ಲಿ ನೀರು ಸುರಿದುಕೊಳ್ಳುತ್ತಾ ಹೋದರೆ ಉರಿ ಕಮ್ಮಿ. ಸಡಿಲವಾದ ಹತ್ತಿ ಬಟ್ಟೆ ಹಾಕಬೇಕು. ಹುಣ್ಣಿಗೆ ಕಂಡದ್ದೆಲ್ಲ ಹಚ್ಚಬಾರದು. ಗುಳ್ಳೆ ಇರುವಾಗ ಸಂಬಂಧ ಬೇಡ, ಇಲ್ಲದಿರುವಾಗಲೂ ಒಮ್ಮೊಮ್ಮೆ ಹರಡುತ್ತದೆ, ಕಾಂಡೋಮ್ ಹಾಕಿದರೆ ಅಪಾಯ ಕಮ್ಮಿಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಜೊತೆಗಿರುವವರಿಗೆ ಮೊದಲೇ ಹೇಳಬೇಕು. ನನಗೆ ಅದೆಲ್ಲ ಯಾವುದೋ ಬೇರೆ ಹೆಂಗಸಿನ ಸಂಸಾರದ ಮಾತಿನಂತೆ ಕೇಳಿಸಿತು. ನಾನು ಕೇಳಿದ್ದು ಒಂದೇ: "ಮನೇಲಿ ನಮ್ಮವ್ವ ಇದ್ದಾರೆ ಮೇಡಂ. ಒಟ್ಟಿಗೇ ಮಲಗ್ತೀವಿ."

"ಮಲಗಿ. ತಟ್ಟೆ ಲೋಟದಿಂದ ಬರಲ್ಲ, ಟವೆಲ್ಲು, ಟಾಯ್ಲೆಟ್ಟಿಂದ ಬರಲ್ಲ, ಪಕ್ಕದಲ್ಲಿ ಮಲಗಿದ್ರೆ ಬರಲ್ಲ. ಹುಣ್ಣು ಮುಟ್ಟಿದ ಕೈ ಸೋಪಲ್ಲಿ ತೊಳ್ಕೊಂಡ್ರೆ ಮುಗೀತು." ನಾನು ನಂಬದವಳಂತೆ ನೋಡಿದೆನೇನೋ, ಚೀಟಿಯ ಹಿಂಬದಿಗೆ ಅದನ್ನೇ ಕನ್ನಡದಲ್ಲಿ ಬರೆದುಕೊಟ್ಟರು. "ಒಬ್ರಿಗಾದ್ರೂ ಹೇಳಿ. ಎಲ್ಲಾ ಒಬ್ರೇ ಇಟ್ಕೊಂಡ್ರೆ ಅದೇ ಒಂದು ಕಾಯಿಲೆ ಆಗತ್ತೆ" ಎಂದರು.

ಹೇಳಿಯೇಬಿಡೋಣ ಎಂದು ಬಸ್‌ ಸ್ಟಾಪಿನಿಂದ ತಿರುಪ್ಪೂರಿಗೆ ಫೋನು ಮಾಡಿದೆ. ನಿನಗೂ ಇರಬಹುದು, ತೋರಿಸಿಕೋ ಎಂದೆ. ಬೈಯಲಿಲ್ಲ, ಆಣೆಯಿಟ್ಟು ಹೇಳುತ್ತೇನೆ, ಮೆತ್ತಗೇ ಹೇಳಿದೆ. "ನಂಗೇನೂ ಇಲ್ವಲ್ಲ. ಎಲ್ಲೆಲ್ಲೋ ತಗಲಿಸ್ಕೊಂಡು ಬಂದು ನನ್ನ ತಲೆಗೆ ಕಟ್ಬೇಡ, ಗೊತ್ತಾಯ್ತಾ?" ಎಂದ. ನಮ್ಮೂರಿನ ಬಸ್ಸು ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ಅವನ ಫೋಟೋ ಮಾಯವಾಗಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲು ಆಗದೆ ಕಂಬಿ ಹಿಡಿದು ನಿಂತು, ಊರು ಬರುವವರೆಗೂ ಅತ್ತೆ. ಜ್ವರದ ಕಣ್ಣು ಎಂದು ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದು ಒಳಕೋಣೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದೆ. ನಮ್ಮ ಕೋಣೆಗೆ ಬಾಗಿಲಿಲ್ಲ, ಪರದೆ. ಅವ್ವ ಕಾಫಿ ಹಿಡಿದುಕೊಂಡು ಬಂದವಳು ನನ್ನ ತೊಡೆಯ ಮೇಲೆ ಗೊಂಚಲಾಗಿ ಎದ್ದಿದ್ದ ಗುಳ್ಳೆಗಳನ್ನು ನೋಡಿ ನಿಂತುಬಿಟ್ಟಳು. ಎಲ್ಲಾ ಮುಗಿಯಿತು ಅಂದುಕೊಂಡೆ. ಅವಳು ಲೋಟ ಕೆಳಗಿಟ್ಟು, ಹಣೆ ಮುಟ್ಟಿ ನೋಡಿದಳು. ಸೆರಗು ಹೊದ್ದುಕೊಂಡು ನನ್ನ ತೊಡೆಗೆ ಕೈ ಮುಗಿದಳು.

"ಬಂದ್ಯಾ ನಮ್ಮವ್ವ? ಇಷ್ಟು ವರ್ಷಕ್ಕೆ ದಾರಿ ಗೊತ್ತಾಯ್ತಾ?" ಎಂದಳು. ನನ್ನನ್ನಲ್ಲ, ಗುಳ್ಳೆಗಳನ್ನು ಕೇಳಿದ್ದು.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಬಾಯಿ ಬಿಡಲಿಲ್ಲ. ಒಂದು ಗಂಟೆಯ ಹಿಂದಷ್ಟೇ ಒಬ್ಬ ಮುಖ ತಿರುಗಿಸಿ ಹೋಗಿದ್ದ. ಅದರ ಬೆನ್ನಿಗೇ ಇನ್ನೊಬ್ಬರ ಮುಖ ತಿರುಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅವ್ವ ಬೇವಿನ ಸೊಪ್ಪು ತರಲು ಹೋದಳು.

ಹನ್ನೊಂದು ದಿನ ನಮ್ಮ ಮನೆಯಲ್ಲಿ ಸಾಸಿವೆ ಸಿಡಿಯಲಿಲ್ಲ. ಕಂಪನಿಗೆ ಚಿಕನ್ ಪಾಕ್ಸ್ ಎಂದು ಫೋನು ಮಾಡಿದ್ದಕ್ಕೆ, ಹದಿನೈದು ದಿನ ಈ ಕಡೆ ತಲೆ ಹಾಕಬೇಡ ಎಂದರು. ಅವ್ವ ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ಬೇವು ಹರಡಿ ನನ್ನನ್ನು ಮಲಗಿಸಿದಳು. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಸಿದಳು, ಎಳನೀರು ತರಿಸಿದಳು, ಮೊಸರನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ಬೇವಿನ ಎಸಳಿನಿಂದ ಮೈಯೆಲ್ಲ ಸವರುತ್ತಾ ಕೂತಿರುತ್ತಿದ್ದಳು. ಸಿಡುಕಿ ಸಿಡುಕಿ ಮಾತಾಡುವ ನಮ್ಮವ್ವ ಆ ಹನ್ನೊಂದು ದಿನ ನನ್ನನ್ನು ತಾಯೇ ಎಂದೇ ಕರೆದಳು. ಬೆಳಿಗ್ಗೆ ಎದ್ದು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನು ಕಾಲು ಎಳೆದುಕೊಂಡರೆ, "ನಿಂಗಲ್ಲ ಕಣೆ ಮಾಡ್ತಿರೋದು, ಸುಮ್ಕಿರು" ಎನ್ನುತ್ತಿದ್ದಳು. ನನಗಲ್ಲ ಎನ್ನುವುದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಮಾತ್ರೆಯದೇ ಕಷ್ಟ. "ಇಂಗ್ಲಿಷ್ ಔಸ್ತಿ ತಗಂಡ್ರೆ ಅಮ್ಮ ಒಳಕ್ಕೋಗ್ಬುಡ್ತಾಳೆ" ಎಂದು ಜ್ವರದ ಮಾತ್ರೆಯನ್ನೂ ನುಂಗಲು ಬಿಡಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನು ಊಟದ ಬ್ಯಾಗಿನಲ್ಲಿ ಮುಚ್ಚಿಟ್ಟಿದ್ದೆ. ಅವ್ವ ನೀರಿಗೆ ಹೋದಾಗ, ಕೊಟ್ಟಿಗೆಗೆ ಹೋದಾಗ ಎದ್ದು ನುಂಗುತ್ತಿದ್ದೆ. ಅವಳು ಪಕ್ಕ ಬಿಟ್ಟು ಕದಲದ ದಿನ ಎರಡು ಹೊತ್ತು ತಪ್ಪಿಹೋಗುತ್ತಿತ್ತು. ಜೊತೆಗೆ ಬೇವು ಅರಿಶಿನ ಅರೆದು ತಂದು ಹುಣ್ಣಿಗೆ ಬಳಿಯುವಳು. ಡಾಕ್ಟರು ಬೇಡವೆಂದಿದ್ದರು, ಆದರೆ ಬೇಡವೆನ್ನಲು ಕಾರಣ ಹೇಳಬೇಕಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದುಕೊಳ್ಳುತ್ತಿದ್ದೆ. "ಬಿಸಿಯಾಗವ್ಳೆ, ತಣ್ಗಾಯ್ತಾಳೆ ತಡಿ" ಎಂದು ಅವ್ವ ಊದುತ್ತಿದ್ದಳು. ಇಷ್ಟೆಲ್ಲ ಹೇಳಿ ಒಂದು ಮಾತು ಮುಚ್ಚಿಡಬಾರದು. ಮದುವೆಯಾದ ಮೇಲೆ ನನ್ನನ್ನು ಯಾರೂ ಅಷ್ಟು ಅಕ್ಕರೆಯಿಂದ ನೋಡಿಕೊಂಡಿರಲಿಲ್ಲ. ಆ ಉರಿಯಲ್ಲೂ ಅವಳ ಕೈ ನನಗೆ ಬೇಕಾಗಿತ್ತು. ಹನ್ನೆರಡನೇ ದಿನ ಬೇವಿನ ನೀರು ಕಾಯಿಸಿ ತಲೆಗೆ ಹಾಕಿ, ಅಮ್ಮನನ್ನು ಕಳುಹಿಸಿಕೊಟ್ಟು, ಅವ್ವ ಬಾಣಲೆಗೆ ಎಣ್ಣೆ ಬಿಟ್ಟಳು. ಸಾಸಿವೆ ಚಟಪಟ ಅಂದಾಗ ನನ್ನ ಎದೆಯಲ್ಲಿ ಏನೋ ಕಳೆದುಹೋದಂತಾಯಿತು.

"ಬಿಟ್ಟೋಗಿದ್ದೋಳು ಬಂದ್ಲು, ಇನ್ಮೇಲೆ ನಿಂಗೆ ಒಳ್ಳೇದೇ ಆಯ್ತದೆ" ಎಂದಳು ಅವ್ವ. ತನ್ನ ತವರಿನ ಮಾರಮ್ಮನಿಗೆ ತಂಬಿಟ್ಟಿನಾರತಿ ತರುತ್ತೇನೆಂದು ಹರಕೆ ಹೊತ್ತಿದ್ದಾಳಂತೆ. ಅಕ್ಕಿಹಿಟ್ಟು ಬೆಲ್ಲ ಕಲಸಿ, ಗುಂಡಗೆ ಕಟ್ಟಿ, ನಡುವೆ ದೀಪ ಹಚ್ಚಿ ತಲೆಯ ಮೇಲೆ ಹೊತ್ತು ಹೋಗುವ ಆರತಿ ಅದು.

ಕೆಲಸಕ್ಕೆ ವಾಪಸು ಹೋದೆ. "ಮುಖದಲ್ಲಿ ಒಂದು ಕಲೆನೂ ಇಲ್ವಲ್ಲಕ್ಕಾ, ಪುಣ್ಯ ಮಾಡಿದ್ದೀಯ" ಎಂದರು ಲೈನಿನವರು. ರಿಪೋರ್ಟು ಬಂತು: ಹರ್ಪಿಸ್ ಹೌದು, ಬೇರೆ ಯಾವುದೂ ಇಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಕಂಪನಿಯ ಟಾಯ್ಲೆಟ್ಟಿನಲ್ಲಿ ನಿಂತು ಕೇಳಿಸಿಕೊಂಡು, ಮುಖ ತೊಳೆದು, ಟೇಬಲ್ಲಿಗೆ ಬಂದೆ. ಬಹಳ ಜನಕ್ಕೆ ಇರುತ್ತದೆ ಎಂದಿದ್ದರಲ್ಲ, ಸಂಜೆ ಬಸ್ಸಿನಲ್ಲಿ ಒಂದೊಂದೇ ಮುಖ ನೋಡುತ್ತಿದ್ದೆ. ಕಿಟಕಿಗೆ ತಲೆ ಆನಿಸಿ ಮಲಗಿರುವ ಆಕೆಗಿರಬಹುದೇ? ಇಯರ್‌ಫೋನು ಹಾಕಿಕೊಂಡು ನಗುತ್ತಿರುವವಳಿಗೆ? ಒಬ್ಬಳಾದರೂ ತಿರುಗಿ, ನನಗೂ ಇದೆ ಕಣೇ ಎಂದುಬಿಟ್ಟರೆ ಅವಳ ಊರಿನಲ್ಲೇ ಇಳಿದು, ಅವಳ ಜೊತೆ ಟೀ ಕುಡಿದು, ಒಂದು ಗಂಟೆ ಮಾತಾಡಿ ಬರುತ್ತಿದ್ದೆ. ಆ ಬಸ್ಸಿನಲ್ಲಿ ಐವತ್ತು ಜನ ಹೆಂಗಸರು ಇರುತ್ತಿದ್ದರು. ನನ್ನಷ್ಟು ಒಂಟಿಯಾಗಿ ಯಾರೂ ಪ್ರಯಾಣ ಮಾಡಿರಲಾರರು.

ಎರಡು ತಿಂಗಳು ಕಳೆದು, ಬಿಸಿಲು ಏರುತ್ತಿದ್ದ ಹೊತ್ತಿನಲ್ಲಿ, ಎಡ ತೊಡೆಯಲ್ಲಿ ಜುಮ್ಮೆನ್ನಲು ಶುರುವಾಯಿತು. ಈ ಸಲ ನಾನು ಗುರುತು ಹಿಡಿದೆ. ಅವತ್ತೇ ಮಾತ್ರೆ ತೆಗೆದುಕೊಂಡೆ. ನಾಲ್ಕೇ ಗುಳ್ಳೆ ಎದ್ದವು, ಜ್ವರ ಬರಲಿಲ್ಲ. ಡಾಕ್ಟರು ಹೇಳಿದ್ದು ಹೇಳಿದ ಹಾಗೇ ಆಯಿತಲ್ಲ ಎಂದು ಸ್ವಲ್ಪ ಧೈರ್ಯವೂ ಬಂತು. ಆದರೆ ನಾನು ಒಂದು ಮಗ್ಗುಲಾಗಿ ಕೂರುವುದನ್ನು ಅವ್ವನ ಕಣ್ಣಿನಿಂದ ತಪ್ಪಿಸಲಾಗಲಿಲ್ಲ. ಬಲವಂತ ಮಾಡಿ ನೋಡಿದಳು. ಈ ಸಲ ಕೈ ಮುಗಿಯಲಿಲ್ಲ, ಬೆವರಿಬಿಟ್ಟಳು.

"ಅಮ್ಮ ಯಾರ್ಗೂ ಎರಡು ಸತಿ ಬರಲ್ಲ. ಹರಕೆ ಮುಂದೂಡ್ದೆ ನೋಡು, ಅದ್ಕೇ ಸಿಟ್ಟಾಗವ್ಳೆ. ಬರೋ ಮಂಗಳವಾರವೇ ಹೋಯ್ತೀನಿ. ಉಪವಾಸ ಇದ್ದು, ಬರಿಗಾಲಲ್ಲಿ ನಡ್ಕಂಡು ಹೋಯ್ತೀನಿ."

ತವರು ಮೂರು ಮೈಲಿ. ಟಾರು ರಸ್ತೆ. ಅವ್ವನಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ, ಅಂಗಾಲಿಗೆ ಸ್ಪರ್ಶವೇ ಇಲ್ಲ. ಒಂದು ಸಲ ಮೊಳೆ ತುಳಿದು, ಚಪ್ಪಲಿಗೆ ರಕ್ತ ಅಂಟಿದ್ದು ನೋಡಿದ ಮೇಲೆ ಗೊತ್ತಾಗಿತ್ತು. ಆಟೋದಲ್ಲಿ ಹೋಗೋಣ ಎಂದೆ, ಚಳಿಗಾಲ ಬರಲಿ ಎಂದೆ, ಅಕ್ಕನಿಂದ ಫೋನು ಮಾಡಿಸಿದೆ. ಕೇಳಲಿಲ್ಲ. ಸುಳ್ಳು ಹೇಳಿದ್ದು ನಾನು, ಸುಡುವುದು ಅವಳ ಕಾಲು. ಭಾನುವಾರ ಮಧ್ಯಾಹ್ನ ಅವಳು ತಂಬಿಟ್ಟಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಾಗ ಎದುರಿಗೆ ಕೂತು ಹೇಳಿದೆ.

"ಅವ್ವ, ಇದು ಅಮ್ಮ ಅಲ್ಲ."

"ಮತ್ತೇನು?"

"ಕಾಯಿಲೆ. ಡಾಕ್ಟ್ರಿಗೆ ಆವಾಗ್ಲೇ ತೋರಿಸಿದ್ದೆ. ಗಂಡಸರ ಜೊತೆ ಇದ್ರೆ ಬರೋ ಕಾಯಿಲೆ."

ಮೊರದ ಮೇಲೆ ಓಡಾಡುತ್ತಿದ್ದ ಅವಳ ಬೆರಳು ನಿಂತವು. "ಆ ಹಾಳಾದೋನಿಂದ್ಲಾ?"

ಹೌದು ಎಂದುಬಿಟ್ಟಿದ್ದರೆ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅವತ್ತು ಸುಳ್ಳಿನ ಮೇಲೆ ನನಗೇ ಹೇಸಿಗೆ ಬಂದಿತ್ತು. "ಗೊತ್ತಿಲ್ಲ. ಅವನಿಂದ ಇರಬೋದು. ಆಮೇಲೆ ಇನ್ನೊಬ್ಬ ಇದ್ದ. ಈಗಿಲ್ಲ" ಎಂದೆ.

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು, "ಮತ್ತೆ ಹನ್ನೊಂದು ದಿನ ನಾನು ಕೈ ಮುಗಿದಿದ್ದು ಯಾರ್ಗೆ?"

ಡಾಕ್ಟರ ಚೀಟಿ ತಂದು ಓದಿದೆ. ತಟ್ಟೆಯಿಂದ ಬರಲ್ಲ, ಟವೆಲ್ಲಿನಿಂದ ಬರಲ್ಲ, ಪಕ್ಕದಲ್ಲಿ ಮಲಗಿದರೆ ಬರಲ್ಲ. ಅವಳು ಕೇಳಿಸಿಕೊಂಡಳೋ ಇಲ್ಲವೋ. "ಡಾಕ್ಟ್ರು ಆವಾಗ್ಲೇ ಮಾತ್ರೆ ಕೊಟ್ಟಿದ್ರಾ?" ಎಂದಳು.

"ಕೊಟ್ಟಿದ್ರು. ನೀನಿಲ್ದಾಗ ನುಂಗ್ತಿದ್ದೆ. ಕೆಲವು ತಪ್ಪೋದ್ವು."

ಅವತ್ತು ಭಾನುವಾರ, ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುವ ದಿನ. ಹಚ್ಚಲಿಲ್ಲ. ಮಲಗುವ ಹೊತ್ತಿಗೆ ತನ್ನ ಚಾಪೆ ಸುತ್ತಿಕೊಂಡು ನಡುಮನೆಗೆ ಹೋದಳು. ಬೆಳಿಗ್ಗೆ ನೋಡಿದರೆ ಬಚ್ಚಲಲ್ಲಿ ನನಗೆಂದು ಬೇರೆ ಸೋಪು, ಬೇರೆ ಮಗ್ಗು. ಊಟಕ್ಕೆ ಕೂತರೆ ಅಟ್ಟದ ಮೇಲಿಂದ ಇಳಿಸಿದ ಹಳೆಯ ತಟ್ಟೆ, ಹಳೆಯ ಲೋಟ. ತಟ್ಟೆಯನ್ನು ನನ್ನ ಕಡೆ ತಳ್ಳಿದಳು, ಕೈಗೆ ಕೊಡಲಿಲ್ಲ. ದೇವರಾಗಿದ್ದಾಗ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಮಗಳಾದ ಕೂಡಲೇ ಲೋಟ ಬೇರೆ ಮಾಡಿದಳು. ಒಬ್ಬರಿಗಾದರೂ ಹೇಳಿ ಎಂದ ಡಾಕ್ಟರ ಮೇಲೆ ಕೆಟ್ಟ ಕೋಪ ಬಂತು. ಹೇಳಿದ್ದರಿಂದ ನನಗೆ ಇದ್ದ ಒಬ್ಬಳೂ ಹೋದಳು.

ಮಂಗಳವಾರ ಕೆಲಸಕ್ಕೆ ಹೊರಟು ನಿಂತಿದ್ದೆ. ಅಡುಗೆಮನೆಯಲ್ಲಿ ಅವ್ವ ತಂಬಿಟ್ಟು ಕಟ್ಟಿ, ಹೂವು ಮುಡಿಸಿ, ತಟ್ಟೆಗೆ ಜೋಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಷ್ಟು ಹೇಳಿದ ಮೇಲೂ ಹೋಗ್ತೀಯಾ? ಯಾವ ಅಮ್ಮನೂ ಬಂದಿಲ್ಲ ಅಂತ ಹೇಳಿದ್ನಲ್ಲ!"

"ನಿಂಗೆ ವಾಸಿಯಾಗ್ಲಿ ಅಂತ ಹೇಳ್ಕಂಡಿದ್ದೆ. ಯಾವ ಕಾಯ್ಲೆ ಅಂತ ಅವಳೇನು ಕೇಳಿರ್ನಿಲ್ಲ" ಎಂದು ದೀಪ ಹಚ್ಚಿ, ತಟ್ಟೆ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಹೊರಟೇಬಿಟ್ಟಳು.

ಹಾಳಾಗಿ ಹೋಗಲಿ ಎಂದುಕೊಂಡು ರಸ್ತೆಗೆ ಬಂದೆ. ಕಂಪನಿ ಬಸ್ಸು ಬಂತು, ನಿಂತಿತು, ನಾನು ಹತ್ತಲಿಲ್ಲ. ಮನೆಗೆ ಓಡಿ ಅವಳ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹಿಂದೆ ಹೊರಟೆ. ಇಪ್ಪತ್ತು ಹೆಜ್ಜೆ ಹಿಂದೆ. ಹತ್ತಿರ ಹೋದರೆ ಅವಳು ಬೇಗ ಬೇಗ ಕಾಲು ಹಾಕುತ್ತಿದ್ದಳು, ನಾನು ನಿಂತರೆ ನಿಧಾನವಾಗುತ್ತಿದ್ದಳು, ತಿರುಗಿ ಮಾತ್ರ ನೋಡಲಿಲ್ಲ. ಅಷ್ಟು ಹೊತ್ತಿಗೇ ರಸ್ತೆ ಕಾದಿತ್ತು. ಅಂಚಿನ ಹುಲ್ಲಿನ ಮೇಲೆ ನಡಿ ಅವ್ವಾ ಎಂದು ಕೂಗಿದೆ. ನಡುರಸ್ತೆಯಲ್ಲೇ ನಡೆದಳು. ದಾರಿಯಲ್ಲಿ ಒಬ್ಬರು ಬೈಕು ನಿಲ್ಲಿಸಿ, "ಯಾರ ಹರಕೆನಮ್ಮ?" ಎಂದು ಕೇಳಿದರು. "ಮಗಳದು" ಎಂದು ಗಟ್ಟಿಯಾಗಿ ಹೇಳಿದಳು.

ಆರತಿ ಆಯಿತು. ವಾಪಸು ಆಟೋ ಹತ್ತಿಸಿದೆ, ಹತ್ತಿದಳು. ಮನೆಗೆ ಬಂದು ನಡುಮನೆಯ ಕಂಬಕ್ಕೆ ಒರಗಿ ಕಾಲು ಚಾಚಿದಾಗ ನೋಡಿದೆ. ಎರಡೂ ಅಂಗಾಲುಗಳಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಕಾಯಿಸಿ ಆರಿಸಿದ ನೀರು, ಒಗೆದ ಬಟ್ಟೆ ತಂದು ಕೂತು ಕಾಲು ಹಿಡಿಯಹೋದೆ. ಸರಕ್ಕನೆ ಎಳೆದುಕೊಂಡಳು.

"ಮುಟ್ಬೇಡ."

ಮೂರು ದಿನದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು. "ನನ್ನ ಕೈಯಿಂದ ನಿಂಗೇನೂ ಬರಲ್ಲ ಅಂತ ಎಷ್ಟು ಸತಿ ಹೇಳ್ಲಿ? ಓದಿ ಹೇಳಿಲ್ವಾ? ಅಷ್ಟು ಅಸಹ್ಯ ಆಗಿದ್ರೆ ಹೇಳ್ಬಿಡು, ಬಾಶೆಟ್ಟಿಹಳ್ಳೀಲಿ ರೂಮು ಮಾಡ್ಕೊಂಡು ಹೋಗ್ತೀನಿ" ಎಂದು ಕಿರುಚಿದೆ.

ಅವ್ವ ಕಣ್ಣು ಮುಚ್ಚಿಕೊಂಡಳು. "ತಟ್ಟೆ ಲೋಟ ಬೇರೆ ಮಾಡಿದ್ದು ಹೆದ್ರುಕಂಡೇ. ಸುಳ್ಯಾಕೇಳ್ಳಿ. ಚಾಪೆ ಎತ್ತಿದ್ದು ಅದ್ಕಲ್ಲ." ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. "ಬೇವು ಅರೆದು ಅರೆದು ನಾನೇ ಬಳಿದೆ. ನೀನು ಸೆರಗು ಕಚ್ಚಿದ್ರೂ ಬಿಡ್ನಿಲ್ಲ. ಮಾತ್ರೆ ನುಂಗಕ್ಕೂ ಬಿಡ್ನಿಲ್ಲ. ನಾನು ಸುಮ್ಕಿದ್ದಿದ್ರೆ ಆವಾಗ್ಲೇ ವಾಸಿಯಾಗಿ ಹೊಂಟೋಗಿರದು. ನನ್ನ ಕೈ ನಿಂಗೆ ಆಗ್ಬರ್ನಿಲ್ಲ ಮಗ."

ಮೂರು ದಿನ ನಾನು ಅಸಹ್ಯ ಎಂದುಕೊಂಡಿದ್ದು ಅದನ್ನು. ಇದು ಏನು ಮಾಡಿದರೂ ಪೂರ್ತಿ ಹೋಗುವ ಕಾಯಿಲೆಯಲ್ಲ, ಮಾತ್ರೆ ತಪ್ಪದೇ ನುಂಗಿದ್ದರೂ ಮತ್ತೆ ಬರುತ್ತಿತ್ತು, ನೀನು ಬಳಿದದ್ದಕ್ಕೆ ಉರಿಯಿತೇ ಹೊರತು ಮತ್ತೆ ಬಂದದ್ದು ಅದರಿಂದಲ್ಲ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಆ ಹನ್ನೊಂದು ದಿನ ನಿನ್ನ ಕೈ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ ಎನ್ನುವುದನ್ನೂ ಹೇಳಿದೆ. ಮತ್ತೆ ಕಾಲು ಹಿಡಿದಾಗ ಅವಳು ಎಳೆದುಕೊಳ್ಳಲಿಲ್ಲ. ತೊಳೆದು, ಒರೆಸಿ, ಬಟ್ಟೆ ಸುತ್ತಿದೆ. ನಾಳೆ ಆಸ್ಪತ್ರೆಗೆ ಹೋಗೋಣ ಎಂದದ್ದಕ್ಕೆ ಹೂಂ ಎಂದಳು.

ಅಲ್ಲೇ ನಡುಮನೆಯಲ್ಲಿ ಅವಳ ಚಾಪೆ ಬಿಚ್ಚಿ ಮಲಗಿಸಿದೆ. ಒಳಗೆ ಹೋಗಿ ನನ್ನ ಚಾಪೆ ತಂದು ಪಕ್ಕಕ್ಕೆ ಹಾಸಿ, ಮಟಮಟ ಮಧ್ಯಾಹ್ನ, ಕಂಪನಿಯ ಸಮವಸ್ತ್ರದಲ್ಲೇ ಉರುಳಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಗೋಡೆಯ ಕಡೆಗೆ ಒಂದು ಮೊಳದಷ್ಟು ಸರಿದಳು. ನನಗೆ ಜಾಗ ಬಿಟ್ಟಳೋ, ನನ್ನಿಂದ ದೂರ ಸರಿದಳೋ, ನಾನು ಕೇಳಲಿಲ್ಲ.